ಬೇಗ ಕೇಳಿ

ಕುಂಯ್ ಅಂದಿತು ಎಡಗಡೆಯ ಸ್ಪೀಕರ್ ಬಾಕ್ಸು, ಅನ್ನಬಾರದಿತ್ತು, ಹುಡುಗಿ ಮೈಕಿಗೆ ತೀರ ಹತ್ತಿರ ಬಂದುಬಿಟ್ಟಿದ್ದಾಳೆ, ಮೊದಲ ಸಲ ಮೈಕ್ ಹಿಡಿಯುವವರೆಲ್ಲ ಹೀಗೇ, ಒಂದೋ ನುಂಗುವ ಹಾಗೆ ಹಿಡಿಯುತ್ತಾರೆ, ಇಲ್ಲವೇ ಹಾವು ಹಿಡಿದ ಹಾಗೆ — ಟೆಸ್ಟಿಂಗಣ್ಣನ ಬೆರಳು ತಾನಾಗಿಯೇ ವಾಲ್ಯೂಮನ್ನು ಒಂದಿಷ್ಟು ತಗ್ಗಿಸಿತು, ಊರೆಲ್ಲ ಅವನನ್ನು ಕರೆಯುವುದೇ ಹಾಗೆ, ಇಷ್ಟು ವರ್ಷ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟರೂ ಹಲೋ ಟೆಸ್ಟಿಂಗ್ ಬಿಟ್ಟು ಮೈಕಿನಲ್ಲಿ ಇನ್ನೊಂದು ಮಾತಾಡಿದವನಲ್ಲ — ಏನೆಂದಳು ಈಗ ಈ ಹುಡುಗಿ, ಹೈಸ್ಕೂಲಿನಲ್ಲಿದ್ದಾಗ ನನಗೆ ಯಾರೋ ಮಾತಾಡೋದು ಕೇಳಿಸೋಕೆ ಶುರುವಾಯ್ತು, ಗೋಡೆಯೊಳಗಿಂದ, ನನ್ನ ಹೆಸರು ಹಿಡಿದು ಬೈಯ್ತಿತ್ತು, ಎಂದಳು, ತುಂಬಿದ ಸಭೆಯಲ್ಲಿ, ಬಸ್ಸು ತಪ್ಪಿಹೋಯಿತು ಎನ್ನುವಷ್ಟು ಸಲೀಸಾಗಿ, ಒಬ್ಬರೂ ಎದ್ದು ಹೋಗಲಿಲ್ಲ, ಒಬ್ಬರೂ ಪಕ್ಕದವರ ಕಿವಿ ಕಚ್ಚಲಿಲ್ಲ. ಅಬ್ಬಾ. ಇಂಥದ್ದನ್ನೂ ಮೈಕಿನಲ್ಲಿ ಹೇಳಬಹುದೇ, ಎಷ್ಟೆಷ್ಟು ಭಾಷಣ ಉಗುಳಿದ ಇದೇ ಬಾಕ್ಸುಗಳಿಂದ ಇಷ್ಟು ನಿಜವಾದ ಮಾತು ಬಂದೀತೆಂದು ಅವನಿಗೆ ಗೊತ್ತೇ ಇರಲಿಲ್ಲ, ತೋಳಿನ ಕೂದಲೆಲ್ಲ ಎದ್ದು ನಿಂತಿದೆ, ಹುಡುಗಿ ಮುಂದುವರಿಸುತ್ತಾಳೆ, ನಮ್ಮ ಸೋದರತ್ತೆ ತಡ ಮಾಡಲಿಲ್ಲ, ಏನು ಕೇಳಿಸುತ್ತೆ ಅಂತ ಕೇಳಿದರು, ಅದೇ ವಾರ ಡಾಕ್ಟರ ಹತ್ತಿರ ಕರ್ಕೊಂಡು ಹೋದರು, ಈಗಲೂ ಒಮ್ಮೊಮ್ಮೆ ಕೇಳಿಸುತ್ತೆ, ಆದರೆ ಈಗ ನಾನೇ ದನಕರುಗಳ ಡಾಕ್ಟರು, ಹಸುಗಳು ಗೋಡೆಗಿಂತ ಜೋರಾಗಿ ಕೂಗ್ತವೆ, ಎನ್ನುತ್ತಾಳೆ, ಸಭೆ ಹೊಟ್ಟೆ ತುಂಬ ನಗುತ್ತದೆ, ಅವಳೂ ನಗುತ್ತಾಳೆ. ಅವಳ ಬೆನ್ನ ಹಿಂದೆ ದಪ್ಪಕ್ಷರದಲ್ಲಿ ಬೇಗ ಕೇಳಿ, ಸಂಘದ ಹೆಸರೇ ಅದು, ಬೆಳಿಗ್ಗೆ ಬ್ಯಾನರ್ ಕಟ್ಟುವಾಗ ಅವನೇ ತಮಾಷೆ ಮಾಡಿದ್ದ, ಬೇಗ ಕೇಳಿ ಬೇಗ ಮನೆಗೆ ಹೋಗಿ ಅಂತಲಾ ಮೇಡಂ, ಸಂಘ ನಡೆಸುವ ನಿವೃತ್ತ ನರ್ಸಮ್ಮ ನಕ್ಕಿದ್ದರು, ಮೊದಲು ಬಾಯಿಬಿಟ್ಟು ಕೇಳಿ, ಆಮೇಲೆ ಕಿವಿಗೊಟ್ಟು ಕೇಳಿ, ಎರಡಕ್ಕೂ ಒಂದೇ ಮಾತಲ್ವೇನಪ್ಪಾ, ಮನಸ್ಸಿನ ಕಾಯಿಲೆ ಬೇರು ಬಿಡೋಕೆ ಮುಂಚೆ ಅಷ್ಟು ಮಾಡಿದರೆ ಎಷ್ಟೋ ಮಕ್ಕಳು ಉಳೀತಾರೆ.

ಕೇಳಿಸ್ತಿದೆ ಅಪ್ಪಾ, ಅಂದಿದ್ದಳಲ್ಲ ಅವನ ಮಗಳೂ, ಪರೀಕ್ಷೆ ಮುಗಿದ ವಾರ, ಯಾರೋ ಪಿಸುಪಿಸು ಅಂತಾರೆ, ನಿನ್ನ ಬಾಕ್ಸುಗಳಿಂದ — ಇವನೋ ಕಸುಬಿನವನು, ತಂತಿ ಸಡಿಲವಾದರೆ ಬಾಕ್ಸು ಎಲ್ಲಿಯದೋ ರೇಡಿಯೋ ಹಿಡಿದು ಗೊಣಗುವುದನ್ನು ಎಷ್ಟು ಸಲ ನೋಡಿಲ್ಲ, ಅದೇ ಇರಬೇಕು ಎಂದು ಸ್ಕ್ರೂಡ್ರೈವರ್ ಹಿಡಿದು ಕೂತ, ಅರ್ಥಿಂಗ್ ನೋಡಿದ, ವೈರು ಬದಲಿಸಿದ, ಮನೆಯ ಸ್ವಿಚ್ ಬೋರ್ಡುಗಳನ್ನೆಲ್ಲ ಬಿಚ್ಚಿ ಹರವಿದ, ಕೊನೆಗೆ ಬಾಕ್ಸುಗಳನ್ನೇ ಹೊತ್ತು ವ್ಯಾನಿಗೆ ಹಾಕಿ ಕೈ ಕೊಡವಿದ, ಈಗ ಹೇಳು ಪುಟ್ಟಿ, ನಿಂತಿತಾ, ಅವಳು ಅವನ ಬೆವೆತ ಮುಖ ನೋಡಿ ಹೂಂ ಅಂದಳು, ಅಯ್ಯೋ ಆ ಹೂಂ, ಅಪ್ಪನಿಗೆ ಬೇಜಾರಾಗದಿರಲಿ ಎನ್ನುವ ಹೂಂ, ಅವತ್ತಿನಿಂದ ಕಿಟಕಿ ಮುಚ್ಚಿಕೊಂಡಿದ್ದಾಳೆ, ಗೆಳತಿಯರ ಫೋನು ಎತ್ತುವುದಿಲ್ಲ, ತಲೆ ಬಾಚುವುದಿಲ್ಲ, ರೀ, ಯಾರ ಹತ್ತಿರಾನೂ ಬಾಯಿ ಬಿಡಬೇಡಿ, ಹುಚ್ಚಿ ಅಂತ ಒಂದ್ಸಲ ಹೆಸರು ಬಿದ್ದರೆ ಅಳಿಸೋಕಾಗುತ್ತಾ, ಎಂದು ಹೆಂಡತಿ ಸೆರಗು ಕಚ್ಚಿ ಅಳುತ್ತಾಳೆ, ಅವಳ ಹೆದರಿಕೆಯೂ ಸುಳ್ಳಲ್ಲ, ಇವನಿಗೂ ಅದೇ ಹೆದರಿಕೆ, ಹೀಗೇ ಬಿಟ್ಟರೆ ಮಗಳು ಕೈತಪ್ಪಿ ಹೋಗುತ್ತಾಳೆ ಎನ್ನುವ ಹೆದರಿಕೆ ಅದಕ್ಕಿಂತ ದೊಡ್ಡದು — ಮನೆಯ ತಂತಿಗಳನ್ನೆಲ್ಲ ವಿಚಾರಿಸಿದ, ಮಗಳೊಬ್ಬಳನ್ನು ಬಿಟ್ಟು. ನಮ್ಮ ಜೊತೆ ಸೇರೋರು ಬನ್ನಿ, ಯಾಕೆ ಸೇರ್ತೀರಿ ಅಂತ ಒಂದು ಮಾತು ಹೇಳಿ ಸಾಕು, ವೇದಿಕೆಯಿಂದ ನರ್ಸಮ್ಮನ ದನಿ, ಯಾರೂ ಏಳುತ್ತಿಲ್ಲ, ಅವನು ಎದ್ದಿದ್ದಾನೆ, ಎದ್ದಿದ್ದು ಯಾವಾಗ, ಕಾಲಿಗೆ ವೈರು ತೊಡರಿತು, ಬಿಡಿಸಿಕೊಂಡ, ಮೈಕ್ ಹಿಡಿದ, ಹಲೋ, ಅಂದ, ಅಭ್ಯಾಸಬಲ, ಟೆಸ್ಟಿಂಗ್ ಅಂತಲೂ ಅನ್ನಿ ಎಂದು ಯಾರೋ ಹಿಂದಿನಿಂದ ಕಾಲೆಳೆದರು, ನನ್ನ ಮಗಳಿಗೂ ಕೇಳಿಸ್ತಿದೆ, ನಾನು ಸೇರ್ತೀನಿ, ಅಷ್ಟೇ, ಅವನದೇ ದನಿ ಅವನದೇ ಬಾಕ್ಸುಗಳಿಂದ ಹೊರಟು ಗೋಡೆ ಮುಟ್ಟಿ ಎದೆಗೆ ಬಂದು ತಾಕಿತು, ಇಷ್ಟು ದೊಡ್ಡದೇ ನನ್ನ ದನಿ, ಆಕಾಶವೇನೂ ಕಳಚಿ ಬೀಳಲಿಲ್ಲ, ಮುಂದಿನ ಸಾಲಿನ ಹೆಂಗಸು ಅವನನ್ನೇ ನೋಡುತ್ತ ಕಣ್ಣೊರೆಸಿಕೊಂಡಳು, ಅವಳ ಮನೆಯಲ್ಲೂ ಯಾರಿಗೋ ಕೇಳಿಸುತ್ತಿರಬೇಕು, ನಾಳೆ ಬೆಳಿಗ್ಗೇನೇ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರ್ತೀನಿ ಅಣ್ಣಾ, ಎಂದಳು ದನದ ಡಾಕ್ಟರು ಹುಡುಗಿ, ಕೇಳೋದನ್ನ ಮಾತ್ರ ಇವತ್ತೇ ಕೇಳಿ, ಎಂದರು ನರ್ಸಮ್ಮ.

ಮನೆಯಲ್ಲಿ ಮಗಳ ಕೋಣೆಯ ಬಾಗಿಲು ಅರ್ಧ ತೆರೆದಿದೆ, ಸಂಜೆಯ ಬೆಳಕು ಮಂಚದವರೆಗೆ ಬಂದು ನಿಂತಿದೆ, ಪುಟ್ಟಿ, ಅದು ಏನನ್ನುತ್ತೆ, ಕೇಳಿಯೇಬಿಟ್ಟ, ಅವಳು ಗೋಡೆಯಿಂದ ಮುಖ ತಿರುಗಿಸಿದಳು, ನಿನಗೂ ಕೇಳಿಸ್ತಾ ಅಪ್ಪಾ — ಹೌದು ಅಂದುಬಿಡಲೇ, ಎಷ್ಟು ಸುಲಭ — ಇಲ್ಲ ಪುಟ್ಟಿ, ನನಗೆ ಕೇಳಿಸಲ್ಲ, ನಿನಗೆ ಕೇಳಿಸುತ್ತಲ್ಲ, ಅದಕ್ಕೇ ಕೇಳ್ತಿದೀನಿ, ಅವನು ಅಲ್ಲೇ ನಿಂತ, ಅವಳು ಚಾಚಿದ್ದ ಕಾಲುಗಳನ್ನು ಮೆಲ್ಲಗೆ ಮಡಚಿಕೊಂಡಳು, ಹಾಸಿಗೆಯ ತುದಿಯಲ್ಲಿ ಅಪ್ಪ ಕೂರುವಷ್ಟು ಜಾಗ, ಮಡಚಿಕೊಂಡಳು, ಸುಕ್ಕುಬಿದ್ದ ಹೊದಿಕೆಯ ಮೇಲೆ ಅಷ್ಟಗಲ ಜಾಗ, ಅಷ್ಟು ಜಾಗ —