ಪ್ರೆಸ್ಸಿನ ಕೆಳಗೆ ಒಂದು ಮುಂಗೈ

ಎಣ್ಣೆಯ ವಾಸನೆ, ಅದರಡಿಯಲ್ಲಿ ಇನ್ನೊಂದು, ಸೋಮವಾರದ ರಕ್ತದ್ದು, ಫಿನಾಯಿಲ್ ಹಾಕಿ ಉಜ್ಜಿದರೂ ಹೋಗದ್ದು — ರಂಜಿನಿಯ ಮೂಗು ಅದನ್ನು ಹುಡುಕಿ ಹಿಡಿಯುವಷ್ಟರಲ್ಲಿ ಕರಿಯಣ್ಣ ಮಾಲೀಕ ರೇಣುಕಾಪ್ರಸಾದರ ಕೈಯನ್ನು ತಿರುಚಿ ಪ್ರೆಸ್ಸಿನ ಅಚ್ಚಿನ ಮೇಲೆ ಅದುಮಿ ಹಿಡಿದಿದ್ದ, ಶಟರ್ ಎಳೆದಾಗಿತ್ತು, ಭದ್ರಾವತಿಯ ಮಧ್ಯಾಹ್ನ ಹೊರಗೇ ಉಳಿದಿತ್ತು. ಒತ್ತಿ ಮೇಡಂ, ಈ ಪ್ರೆಸ್ಸಿನ ಪ್ರೋಗ್ರಾಂ ನೀವೇ ಬರ್ದಿದ್ದಲ್ವಾ, ರಿಪೇರಿ ಆಯ್ತು ಅಂದ್ರಲ್ಲ, ಇವರ ಕೈ ಮೇಲೇ ನೋಡೋಣ. ಹಸಿರು ಗುಂಡಿ, ಅದರ ಮೇಲೆ ತನ್ನ ಬೆರಳು, ಎದುರಿಗೆ ಎತ್ತರದಲ್ಲಿ ಕಾದು ನಿಂತ ಉಕ್ಕಿನ ದಿಮ್ಮಿ, ಮತ್ತು ಸೋಮವಾರ ಕರಿಯಣ್ಣನ ತಮ್ಮ ಸಿದ್ದು ಚೀರಿದ ಮೇಲೆ ಅವಳು ನೆಲದಿಂದ ಎತ್ತಿಕೊಂಡ ಕೈಗವಸು, ಖಾಲಿ ಇರಬೇಕಾದದ್ದು, ಭಾರವಾಗಿತ್ತು. ಕುಡಿದು ಬಂದಿದ್ದ ಅವನು, ಅಂದಿದ್ದರು ಮಾಲೀಕರು, ಎಲ್ಲರೆದುರು, ಸಿದ್ದು ಶಿವಮೊಗ್ಗದ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಗ — ಕುಡಿದಿರಲಿಲ್ಲ, ಅವಳಿಗೆ ಗೊತ್ತು, ಕೈ ಅಡ್ಡ ಬಂದರೆ ಕಾವಲು ಪ್ರೋಗ್ರಾಂ ತನ್ನ ಮೆಮೊರಿಯಲ್ಲಿ ನಿಲ್ಲು ಎಂದು ಬರೆಯುತ್ತದೆ, ಅದನ್ನು ಓದಿ ಪ್ರೆಸ್ಸನ್ನು ತಡೆಯಬೇಕಾದದ್ದು ಕಂಪ್ಯೂಟರಿನ ತಿರುಳಾದ ಕರ್ನಲ್ಲಿನೊಳಗೆ ಕುಳಿತ, ಯಂತ್ರ ನಡೆಸುವ ಡ್ರೈವರ್ ಪ್ರೋಗ್ರಾಂ, ಆದರೆ ಯಾವ ಪ್ರೋಗ್ರಾಮಿನ ಮೆಮೊರಿ ಓದಬೇಕೆಂಬ ಗುರುತಿಗೆ ಅದರಲ್ಲಿದ್ದದ್ದು ಒಂದೇ ಜಾಗ, ಕೊನೆಗೆ ತೆರೆದ ಪ್ರೋಗ್ರಾಮಿನದೇ ಗುರುತು ಅಲ್ಲಿ ಉಳಿಯುತ್ತಿತ್ತು, ಅವಳು ಮೊದಲೇ ಹೇಳಿದ್ದಳು, ಸಾರ್, ಆಫೀಸಿಂದ ಉತ್ಪಾದನೆ ಲೆಕ್ಕದ ಪ್ರೋಗ್ರಾಂ ತೆರೀಬೇಡಿ, ಇನ್ನೂ ಸರಿ ಮಾಡಿಲ್ಲ, ಆಯ್ತು ಬಿಡು ಮಾರಾಯ್ತಿ, ನೀನೇನು ನಂಗೆ ಮೇಷ್ಟ್ರಾ — ಸೋಮವಾರ ತೆರೆದರು, ಕಾವಲು ನಿಲ್ಲು ನಿಲ್ಲು ಎಂದು ಬರೆಯುತ್ತಲೇ ಇತ್ತು, ಡ್ರೈವರ್ ಮಾಲೀಕರ ಲೆಕ್ಕವನ್ನು ಓದುತ್ತಿತ್ತು, ಕೈಗವಸು, ಭಾರ.

ಈಗ ಹಾಗಿಲ್ಲ, ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿಗೊಂದು ಬೋನು ಇರುವಂತೆ ತೆರೆದ ಪ್ರತಿ ಪ್ರೋಗ್ರಾಮಿಗೂ ಡ್ರೈವರಿನಲ್ಲಿ ಅದರದೇ ಜಾಗ, ಅದರದೇ ಮೆಮೊರಿಗೆ ಕಟ್ಟಿದ್ದು, ಬೆಳಿಗ್ಗೆಯಷ್ಟೇ ಹಾಕಿದ್ದಾಳೆ, ಆದರೆ ಕಾವಲು ಶುರುವಾದೊಡನೆ ತನ್ನಂಥದೇ ಒಂದು ಮರಿಯನ್ನು ಹುಟ್ಟಿಸುತ್ತದೆ, ತೆರೆಯುವುದು ತಾಯಿ, ನಿಲ್ಲು ಎಂದು ಬರೆಯುವುದು ಮರಿ, ಮರಿಯ ಮೆಮೊರಿ ಬೇರೆ, ಅದನ್ನು ಕಟ್ಟಿದ್ದಳೇ, ಬರೆದಂತೆ ನೆನಪು, ಅಳಿಸಿದಂತೆಯೂ ನೆನಪು. ಲೆಕ್ಕದ್ದು ಆನ್ ಇದೆ ತಾನೇ ಮೇಡಂ, ಸೋಮವಾರದ ಹಾಗೇ? ಇದೆ ಕರಿಯಣ್ಣ. ಬೇಡ ಕಣಮ್ಮಾ ರಂಜಿನಿ, ಹೇಳಮ್ಮಾ ಇವನಿಗೆ — ಕರಿಯಣ್ಣನ ಇನ್ನೊಂದು ಕೈಯ ಕಬ್ಬಿಣದ ಸರಳು ಮಾಲೀಕರ ದವಡೆಗೆ ಬಿತ್ತು, ಹಲ್ಲೊಂದು ಅಚ್ಚಿನ ಮೇಲೆ ಉದುರಿತು, ಎಂಜಲು ಬೆರೆತ ರಕ್ತ ಅಂಗಿಯ ಕಾಲರಿಗೆ ಇಳಿಯಿತು. ತೆರೆದದ್ದು ನಾನೇ ಕಣೋ, ನಾನೇ, ಅವನು ಕುಡಿದಿರಲಿಲ್ಲ, ಕಾಲಿಗೆ ಬೀಳ್ತೀನಿ ಬಿಡೋ. ಕರಿಯಣ್ಣ ಗೋಡೆಗಂಟಿ ನಿಂತಿದ್ದ ಕೆಲಸಗಾರರ ಕಡೆ ತಿರುಗಿದ. ಕೇಳಿಸ್ತಾ ಎಲ್ರಿಗೂ, ಎಂದ ಕರಿಯಣ್ಣ, ದನಿ ಒಡೆದಿತ್ತು, ನಂಗೆ ಇಷ್ಟೇ ಬೇಕಿತ್ತು, ಸಾಕು, ಬಿಡಿ ಮೇಡಂ, ಬೆರಳು ತೆಗೀರಿ. ತೆಗೆಯಬೇಕು, ಮರಿಯನ್ನು ಕಟ್ಟಿದೆಯೋ ಇಲ್ಲವೋ ಗೊತ್ತಿಲ್ಲ, ತೆಗೆಯಬೇಕು, ನೀನೇನು ನಂಗೆ ಮೇಷ್ಟ್ರಾ, ಕೈಗವಸು — ರಂಜಿನಿ ಒತ್ತಿದಳು. ದಿಮ್ಮಿ ಗುಡುಗಿ ಇಳಿಯಿತು, ಯಾರೋ ಅಯ್ಯೋ ಎಂದರು, ಮಾಲೀಕರ ವಾಚಿನ ಗಾಜು ಚಟ್ಟೆಂದಿತು, ದಿಮ್ಮಿ ಅಲ್ಲಿಗೇ ನಿಂತಿತು. ಮೂಳೆ ಉಳಿಯಿತು. ಮರಿಯನ್ನೂ ಕಟ್ಟಿದ್ದಳು. ಮೂತ್ರದ ವಾಸನೆ, ಬಿಕ್ಕು, ಶಟರ್ ಮೇಲೇಳುವ ಸದ್ದು, ಬೆಳಕು, ಮತ್ತು ಕರಿಯಣ್ಣ ಮಾಲೀಕರನ್ನಲ್ಲ, ಅವಳನ್ನು ನೋಡುತ್ತ ಹಿಂದೆ ಸರಿಯುತ್ತಿದ್ದ, ಸಾಕು ಅಂದೆನಲ್ಲ ಮೇಡಂ, ಸಾಕು ಅಂದೆನಲ್ಲ — ಅವಳ ಬೆರಳು ಗುಂಡಿಯಿಂದ ಏಳಲಿಲ್ಲ, ಇನ್ನೂ ಒತ್ತುತ್ತಲೇ ಇತ್ತು, ಕೈಗವಸು, ಅದರೊಳಗೆ ಬೆಚ್ಚಗೆ, ಭಾರ, ಕೈಗವಸು