ದಾರಿ ಗೊತ್ತು ಎಂದ ಎರಡು ಪೆಟ್ಟಿಗೆಗಳು

ಅತ್ತೆಯ ಪಿತ್ತಕೋಶದ ಕಲ್ಲು ತೆಗೆಯಲು ಎಲ್ಲ ಸಿದ್ಧವಾಗಿತ್ತು, ಲ್ಯಾಬಿನಿಂದ ಕಂಪ್ಯೂಟರಿನಲ್ಲಿ ಬರಬೇಕಿದ್ದ ರಕ್ತಪರೀಕ್ಷೆಯ ವರದಿಯೊಂದನ್ನು ಬಿಟ್ಟು. ನಿನ್ನೆಯಿಂದ ಉಪವಾಸವಿದ್ದ ಅತ್ತೆಯ ಹೊಟ್ಟೆ ಚುರುಗುಟ್ಟುತ್ತಿತ್ತು, ಬಾಯಿ ಅದಕ್ಕಿಂತ ಜೋರಾಗಿ. ಶಸ್ತ್ರವೈದ್ಯರು ಒಂದು ಗಂಟೆಗೆ ಹೊರಟರೆ ಮತ್ತೆ ಬರುವುದು ಮೂರು ವಾರದ ಮೇಲೆ. ಆಗಲೇ ಹನ್ನೊಂದೂವರೆ. ಆ ನೋವು ಮೂರು ವಾರ ಕಾಯುವಂಥದ್ದಲ್ಲ. ಆಸ್ಪತ್ರೆಯ ಕಂಪ್ಯೂಟರ್ ಜಾಲ ನೋಡಿಕೊಳ್ಳುವವಳು ಸೊಸೆಯೇ ಆದ್ದರಿಂದ ಬೇರೆ ಯಾರನ್ನೂ ಬೈಯುವಂತೆಯೂ ಇರಲಿಲ್ಲ.

"ಲ್ಯಾಬಿಗೆ ನಾನೇ ಹೋಗಿ ತರ್ತೀನಿ ಸಿಸ್ಟರ್. ಅಂಗಳ ದಾಟಿದ್ರೆ ಆಯ್ತು," ಎಂದಳು ಸೊಸೆ.

"ಆಗಲ್ಲಮ್ಮ," ಎಂದಳು ದಾದಿ. "ಪರದೆ ಮೇಲೆ 'ಸಂಪರ್ಕವಿಲ್ಲ' ಅಂತ ಬಂದ್ರೆ ಮಾತ್ರ ಕಾಗದದ ವರದಿ ತಗೋಬೇಕು. ನೋಡಿ, 'ದಾರಿ ಇದೆ, ಕಾಯಿರಿ' ಅಂತಿದೆ. ಬರುತ್ತೆ."

ನಿಯಮ ಬರೆದ ಪುಣ್ಯಾತ್ಮ ಯಾರೋ, ಪಾಲಿಸುವವಳು ಮಾತ್ರ ಜಗ್ಗುವ ಆಸಾಮಿಯಲ್ಲ. ಸೊಸೆ ಹಾಸಿಗೆಯ ಅಂಚಿನಲ್ಲೇ ಕುಳಿತು ಲ್ಯಾಪ್‌ಟಾಪ್ ತೆರೆದಳು.

ಸಂದೇಶಗಳಿಗೆ ದಾರಿ ತೋರಿಸುವ ಪೆಟ್ಟಿಗೆಗಳು, ಅಂದರೆ ರೂಟರುಗಳು, ಇದ್ದದ್ದು ಮೂರೇ: ಈಚೆ ವಾರ್ಡಿನದು, ನಡುವೆ ಔಷಧಾಲಯದ್ದು, ಆಚೆ ಲ್ಯಾಬಿನದು. ಇಡೀ ಆಸ್ಪತ್ರೆಯ ನಕ್ಷೆ ಯಾವುದಕ್ಕೂ ಗೊತ್ತಿಲ್ಲ. ಅರ್ಧ ನಿಮಿಷಕ್ಕೊಮ್ಮೆ ಪಕ್ಕದ ಪೆಟ್ಟಿಗೆಗೆ, "ಇಂಥ ಜಾಗ ನನ್ನಿಂದ ಇಷ್ಟು ಕೈ ದೂರ" ಎಂದು ಹೇಳುವುದು. ಒಂದರಿಂದ ಮುಂದಿನದಕ್ಕೆ ದಾಟಿದರೆ ಒಂದು ಕೈ. ಕೇಳಿದ ಪೆಟ್ಟಿಗೆ ಅದಕ್ಕೆ ಒಂದು ಸೇರಿಸಿ ನಂಬುವುದು. ಗಾಳಿಸುದ್ದಿಯ ಮೇಲೆ ನಡೆಯುವ ಸಂಸಾರ.

ಲ್ಯಾಬಿನ ಕೇಬಲ್ ಸತ್ತಿತ್ತು. ಔಷಧಾಲಯದ ಪೆಟ್ಟಿಗೆ "ದಾರಿ ಹೋಯ್ತು" ಎನ್ನುವಷ್ಟರಲ್ಲಿ ವಾರ್ಡಿನದು, "ನನಗೆ ಗೊತ್ತು, ಎರಡೇ ಕೈ" ಎಂದಿತ್ತು. ಆ ದಾರಿ ಅದಕ್ಕೆ ಹೇಳಿಕೊಟ್ಟದ್ದೇ ಔಷಧಾಲಯ! "ಹಾಗಾದ್ರೆ ನನಗೆ ಮೂರು" ಎಂದಿತು ಔಷಧಾಲಯ. "ನನಗೆ ನಾಲ್ಕು" ಎಂದಿತು ವಾರ್ಡು. ಮೂರೇ ಪೆಟ್ಟಿಗೆಯ ಆಸ್ಪತ್ರೆಯಲ್ಲಿ ಲ್ಯಾಬು ಈಗ ಇನ್ನೂರ ಹನ್ನೆರಡು ಕೈ ದೂರವಿತ್ತು, ಮತ್ತು ಎರಡೂ ಪೆಟ್ಟಿಗೆಗಳು ಉತ್ಸಾಹದಿಂದ ಎಣಿಸುತ್ತಲೇ ಇದ್ದವು. ಆ ಎಣಿಕೆ ನಿಲ್ಲುವತನಕ ಪರದೆಯ ಮೇಲೂ 'ದಾರಿ ಇದೆ'.

ಸೊಸೆ ವಿಷಯ ಹೇಳಿದಾಗ ಅತ್ತೆ ನೋವಿನಲ್ಲೂ ಕಣ್ಣರಳಿಸಿದರು. "ಅಯ್ಯೋ, ನಿನ್ನ ಚಿಕ್ಕತ್ತೆ ಬುದ್ಧಿ! ನಾನು ಹೇಳಿದ್ದನ್ನೇ ವಾರ ಬಿಟ್ಟು ನಂಗೇ ತಂದು ಹೇಳ್ತಾಳೆ. ಯಾರಿಂದ ಕೇಳಿದ್ರೋ ಅವರಿಗೇ ಹೇಳ್ಬೇಡಿ ಅಂತ ಬೈಯೇ ಅವಕ್ಕೆ!"

ಹಾಗೆ ಬೈಯುವ ನಿಯಮ ಮೊದಲೇ ಇತ್ತು. ಹತ್ತಾರು ಕೈ ದಾಟಿದ ದಾರಿಯನ್ನು ದಾರಿಯೇ ಅಲ್ಲವೆನ್ನುವ ಮಿತಿಯೂ ಇತ್ತು. ಹೋದ ತಿಂಗಳು ಪರೀಕ್ಷೆಗೆಂದು ಒಂದನ್ನು ತೆಗೆದು, ಇನ್ನೊಂದನ್ನು ಸಾವಿರಕ್ಕೇರಿಸಿ, ಎರಡನ್ನೂ ಸರಿಪಡಿಸಲು ಮರೆತವಳು ಇದೇ ಸೊಸೆ. ಇದನ್ನು ಅವಳು ಅತ್ತೆಗೆ ಹೇಳಲಿಲ್ಲ, ಅಷ್ಟು ದಡ್ಡಿಯಲ್ಲ. ತುಟಿ ಕಚ್ಚಿಕೊಂಡು ಎರಡನ್ನೂ ಸರಿಮಾಡಿ ಪೆಟ್ಟಿಗೆಗಳಲ್ಲಿದ್ದ ದಾರಿಗಳ ಹಳೆಯ ಪಟ್ಟಿ ಅಳಿಸಿದಳು.

ಪರದೆಯ ಮೇಲೆ ಕೆಂಪಗೆ ಮೂಡಿತು: ಸಂಪರ್ಕವಿಲ್ಲ.

"ಈಗ ಹೋಗಿ," ಎಂದಳು ದಾದಿ, ಏನೋ ಒಳ್ಳೆಯ ಸುದ್ದಿ ಬಂದವಳಂತೆ. ಸೊಸೆ ಚಪ್ಪಲಿ ಕೈಯಲ್ಲಿ ಹಿಡಿದು ಅಂಗಳ ದಾಟಿ ಓಡಿದಳು. ಹನ್ನೆರಡೂಕಾಲಿಗೆ ವರದಿ ವೈದ್ಯರ ಮೇಜಿನ ಮೇಲಿತ್ತು.

ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿಗೆ ಸ್ಟ್ರೆಚರ್ ಬರುತ್ತಲೇ ಅತ್ತೆ ದಿಂಬಿನಿಂದ ತಲೆಯೆತ್ತಿದರು. ಸೊಸೆಯ ಕೈ ಹಿಡಿದುಕೊಂಡರು.

"ಏನೂ ಆಗಲ್ಲ ತಾನೇ?"

"ಏನೂ ಆಗಲ್ಲ ಅತ್ತೆ. ಸಿಸ್ಟರೇ ಹೇಳಿದ್ರು."

"ನಾನಾ?" ಎಂದಳು ದಾದಿ. "ಬೆಳಿಗ್ಗೆ ನೀವೇ ಅಲ್ವಾ ನಂಗೆ ಹೇಳಿದ್ದು?"

ಅತ್ತೆ ಸೊಸೆಯ ಮುಖವನ್ನೇ ನೋಡಿದರು.

"ನಂಗೇನೂ ಗೊತ್ತಿಲ್ಲ ಅತ್ತೆ. ನಂಗೆ ತುಂಬಾ ಭಯ ಆಗ್ತಿದೆ."

"ಸದ್ಯ," ಎಂದರು ಅತ್ತೆ, ಹಿಡಿದ ಕೈಯನ್ನು ಇನ್ನಷ್ಟು ಬಿಗಿ ಮಾಡುತ್ತ. "ನಂಗೊಬ್ಳಿಗೇ ಅಂದ್ಕೊಂಡಿದ್ದೆ."