ಮರಿಸ್ವಾಮಿ ಹೋಟೆಲಿನ ಲೈಟು

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಫಕ್ರುದ್ದೀನನಿಗಿಂತ ಅವನ ಕಿವಿಗೇ ಹೆಚ್ಚು ಮರ್ಯಾದೆ. ರೇಷ್ಮೆ ಗೂಡನ್ನು ಎರಡು ಬೆರಳಲ್ಲಿ ಹಿಡಿದು ಕಿವಿ ಹತ್ತಿರ ಅಲ್ಲಾಡಿಸಿದರೆ, ಒಳಗಿನ ಹುಳು ಜೀವಂತ ಇದ್ದಾಗ ಗೋಡೆಗೆ ಬಡಿದು ಸಣ್ಣಗೆ ಲೊಟಲೊಟ ಅನ್ನುತ್ತದೆ. ಸತ್ತು ಕರಗಿದ್ದರೆ ಅಂಟಿಕೊಂಡು ಸುಮ್ಮನಿರುತ್ತದೆ, ಅಂಥ ಗೂಡಿನಿಂದ ನೂಲು ಬಿಚ್ಚುವುದು ಗೋಳು. ಈ ಪರೀಕ್ಷೆ ಗೂಡು ಕೊಂಡು ನೂಲು ತೆಗೆಯುವ ಎಲ್ಲ ರೀಲರುಗಳೂ ಮಾಡುತ್ತಾರೆ. ಆದರೆ ಹತ್ತು ಗೂಡು ಅಲ್ಲಾಡಿಸಿ ಇಡೀ ಲಾಟಿನ ಜಾತಕ ಹೇಳುತ್ತಿದ್ದವನು ಫಕ್ರುದ್ದೀನ ಒಬ್ಬನೇ. ಹರಾಜು ಮೊಬೈಲಿಗೆ ಬಂದಮೇಲೂ ಬೆಲೆ ಒತ್ತುವ ಮುಂಚೆ ನಾಲ್ಕು ಜನ ಅವನ ಮುಖ ನೋಡುತ್ತಿದ್ದರು. ಅವನ ಬಂಡವಾಳ ಅಂದರೆ ಆ ಕಿವಿ, ಅಷ್ಟೇ.

ಸಂಜೆ ಆರರ ಮೇಲೆ ಅದೇ ಕಿವಿಗೆ ಇನ್ನೊಂದು ಕೆಲಸ. ರೀಲಿಂಗ್ ಮಿಷನ್ನು ನಿಲ್ಲಿಸಿ, ಮಾಳಿಗೆಯ ಕೋಣೆಗೆ ಹತ್ತಿ, ಶಾರ್ಟ್‌ವೇವ್ ರೇಡಿಯೊದ ಮುಂದೆ ಕೂತರೆ ಅವನು ಈ ಊರಿನವನೇ ಅಲ್ಲ. ಯಾವುದೋ ದೇಶದ ಸ್ಟೇಷನ್ನು ಹಿಡಿದು, ಎಷ್ಟು ಗಂಟೆಗೆ ಏನು ಕೇಳಿಸಿತು, ಎಷ್ಟು ಸ್ಪಷ್ಟ ಅಂತ ಬರೆದು ಕಳಿಸಿದರೆ, ಅವರು ಒಪ್ಪಿ ಒಂದು ಚಿತ್ರದ ಕಾರ್ಡು ಕಳಿಸುತ್ತಾರೆ. ಮೂವತ್ತು ವರ್ಷದಲ್ಲಿ ಬಂದ ಕಾರ್ಡು ಎರಡು ಟ್ರಂಕು ತುಂಬಿದ್ದವು. ಈ ಆಟಕ್ಕೆ ಒಂದೇ ಕಾನೂನು: ಕೇಳದ್ದನ್ನು ಬರೆಯಬಾರದು. ಯಾರೂ ನೋಡುವುದಿಲ್ಲ, ಯಾರೂ ಕೇಳುವುದಿಲ್ಲ, ಆದರೂ ಬರೆಯಬಾರದು. ಐದು ಹೊತ್ತಿನ ನಮಾಜಿನಲ್ಲಿ ಒಂದೆರಡು ಹೊತ್ತು ತಪ್ಪಿಸಿದ ಫಕ್ರುದ್ದೀನ ಈ ಕಾನೂನನ್ನು ಒಂದು ದಿನವೂ ಮುರಿದವನಲ್ಲ.

ಪೆಸಿಫಿಕ್ ಸಮುದ್ರದ ಒಂದು ಪುಟ್ಟ ದ್ವೀಪದ ಸ್ಟೇಷನ್ನು ಅವನಿಗೆ ಅಚ್ಚುಮೆಚ್ಚು. ಆರೂವರೆಗೆ ಕಾರ್ಯಕ್ರಮ ಶುರುವಾಗುವ ಮುಂಚೆ ಒಂದು ಕೊಳಲು, ಒಂದೇ ರಾಗದ ತುಂಡನ್ನು ಮತ್ತೆ ಮತ್ತೆ ಊದುತ್ತದೆ. ಯುಗಾದಿ ಕಳೆದಮೇಲೆ ಆ ಕೊಳಲು ತೆಳ್ಳಗಾಗುತ್ತಾ ಬಂತು. ರಂಜಾನ್ ತಿಂಗಳ ಸುಸ್ತು ಇನ್ನೂ ಇಳಿದಿಲ್ಲ ಅಂದುಕೊಂಡ. ಆಮೇಲೆ ಕೊಳಲು ಪೂರ್ತಿ ನಿಂತೇ ಹೋಯಿತು.

ಅಪ್ಪನ ಕಾಲದ ರೇಡಿಯೊ ಮುದಿಯಾಯಿತು ಅಂತ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ನಂಬರು ಹೊಳೆಯುವ ದೊಡ್ಡ ಸೆಟ್ಟು ತಂದ. ಕೊಳಲು ಕೇಳಲಿಲ್ಲ. ಏರಿಯಲ್ ತಂತಿ ಗಿಡ್ಡವಾಯಿತು ಅಂತ ತನ್ನ ಚಿಮಣಿಯಿಂದ ಎದುರು ಸಾಲಿನ ಗೆಳೆಯ ಮರಿಸ್ವಾಮಿಯ ತಾರಸಿಯ ಕಂಬದವರೆಗೆ ಹೊಸ ತಾಮ್ರದ ತಂತಿ ಎಳೆದ. ಕೇಳಲಿಲ್ಲ. ನೆಲಕ್ಕೆ ಕಬ್ಬಿಣದ ಸಲಾಕೆ ಹೊಡೆದು ರೇಡಿಯೊಗೆ ಅರ್ಥಿಂಗ್ ಕೊಟ್ಟ, ಅದಕ್ಕೆ ದಿನಾ ಒಂದು ಬಿಂದಿಗೆ ನೀರು ಹುಯ್ದ. ಬರೀ ಮೊರೆತ. ಹೆಂಡತಿ ಅನೀಸಾ ಕೆಳಗಿನಿಂದಲೇ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಅಂದಳು. ಅವಳು ಅಂದದ್ದು ತಮಾಷೆಗೆ.

ಕೊನೆಗೆ ಅವನಿಗೆ ಸಿಕ್ಕಿದ ಡೊಂಕು ನೆಲ ಅಂದರೆ ಮರಿಸ್ವಾಮಿಯ ಲೈಟು. ಮರಿಸ್ವಾಮಿ ಅವನ ಜೊತೆ ಒಂದೇ ಬೆಂಚಲ್ಲಿ ಕೂತು ಓದಿದವನು, ಎದುರಿಗೇ ತಟ್ಟೆ ಇಡ್ಲಿ ಹೋಟೆಲು. ಸಂಜೆಯ ವ್ಯಾಪಾರಕ್ಕೆ ಬಾಗಿಲ ಸುತ್ತ ಬಣ್ಣಬಣ್ಣದ ಎಲ್‌ಇಡಿ ಸರ ಬಿಟ್ಟಿದ್ದ. ಅಂಥ ಲೈಟು ರೇಡಿಯೊಗೆ ಕಿರಿಕಿರಿ ಮಾಡುವುದುಂಟು, ಸುಳ್ಳಲ್ಲ.

"ನಿನ್ನ ಲೈಟಿಂದ ನನ್ನ ಸ್ಟೇಷನ್ ಸತ್ತೋಯ್ತು ಕಣ್ಲಾ. ಬಿಚ್ಚು," ಅಂದ ಫಕ್ರುದ್ದೀನ, ಗಿರಾಕಿಗಳ ಎದುರಿಗೇ.

"ಲೈಟ್ ನೋಡಿ ಬರೋ ಜನ ಕಣೋ. ಒಸಿ ಯೋಚ್ನೆ ಮಾಡು."

"ನಲವತ್ತು ವರ್ಷದ ಸ್ನೇಹ ನಿಂಗೆ ಒಂದು ಲೈಟಿನ ಸರಕ್ಕಿಂತ ಕಮ್ಮಿ ಆಯ್ತಾ?"

ಆ ಮಾತು ಆಡಬಾರದಿತ್ತು. ಮರಿಸ್ವಾಮಿ ಸ್ಟೂಲು ಹಾಕಿಕೊಂಡು ಸರ ಬಿಚ್ಚಿದ, ಒಂದು ಹಳೇ ಹಳದಿ ಬಲ್ಬು ಸಿಕ್ಕಿಸಿದ. ಅವತ್ತಿಂದ ಮಾತೂ ಬಿಟ್ಟ. ಹೋಟೆಲು ಮುಚ್ಚಿದೆ ಅಂದುಕೊಂಡು ಗಿರಾಕಿಗಳು ಮುಂದೆ ಹೋಗುವುದನ್ನು ಫಕ್ರುದ್ದೀನ ಮಾಳಿಗೆ ಕಿಟಕಿಯಿಂದ ಮೂರು ವಾರ ನೋಡಿದ. ನೋಡಿ ಸಂಕಟವಾಯಿತು. ಆದರೂ ಇಳಿದು ಹೋಗಲಿಲ್ಲ. ಅನೀಸಾ ಮುಂದೆಯೂ ಕೊಳಲಿನ ಮಾತೆತ್ತದೆ, ರೇಡಿಯೊದ ಸೌಂಡು ಪೂರ್ತಿ ತಿರುಗಿಸಿ ಮೊರೆತದೊಳಗೆ ಕೊಳಲು ಹುಡುಕುತ್ತಾ ಕೂತ.

ಈ ಗುರುವಾರ ಮಾರುಕಟ್ಟೆಗೆ ದೊಡ್ಡಆಲಹಳ್ಳಿಯ ಕರಿಯಪ್ಪ ಗೂಡು ತಂದಿದ್ದ. ಹದಿನೈದು ವರ್ಷದಿಂದ ಫಕ್ರುದ್ದೀನನಿಗೆ ಗೊತ್ತಿರುವ ರೈತ, ಹುಳುವನ್ನು ಮಕ್ಕಳ ಹಾಗೆ ಸಾಕುವವನು. ಬೇಸಿಗೆ ಗೂಡಿನ ಸದ್ದೇ ಸಣ್ಣ ಅಂತ ಕೆಲವು ವಾರದಿಂದ ಅಂದುಕೊಳ್ಳುತ್ತಿದ್ದ ಫಕ್ರುದ್ದೀನ ಒಂದು ಗೂಡು ಅಲ್ಲಾಡಿಸಿದ. ಸದ್ದಿಲ್ಲ. ಇನ್ನೊಂದು, ಮತ್ತೊಂದು, ಹತ್ತು ಗೂಡು. ಒಂದರಲ್ಲೂ ಇಲ್ಲ.

"ಏನಯ್ಯಾ ಕರಿಯಪ್ಪ, ಹುಳ ಎಲ್ಲಾ ಕರಗೋಗಿದೆ. ಇದನ್ನ ತಂದು ನಮ್ಮ ತಲೆಗೆ ಕಟ್ತೀಯಾ?"

ಪಕ್ಕದಲ್ಲಿದ್ದ ರೀಲರುಗಳು ತಂತಮ್ಮ ಮೊಬೈಲು ಜೇಬಿಗಿಟ್ಟು ಮುಂದಿನ ಲಾಟಿಗೆ ಸರಿದರು. ಫಕ್ರುದ್ದೀನನ ಕಿವಿ ಹೇಳಿದಮೇಲೆ ಮುಗಿಯಿತು. ಕರಿಯಪ್ಪನ ಮುಖ ಕಪ್ಪಿಟ್ಟಿತು. ಬೈಯಲಿಲ್ಲ. ಅಂಗಿ ಜೇಬಿನಿಂದ ಬ್ಲೇಡು ತೆಗೆದು ಅದೇ ಹತ್ತು ಗೂಡನ್ನು ಒಂದೊಂದಾಗಿ ಕುಯ್ದು ಅಂಗೈ ಮೇಲಿಟ್ಟ. ಹತ್ತೂ ಹುಳು ಹೊನ್ನಿನ ಬಣ್ಣ, ಹತ್ತೂ ಬಾಲ ಅಲ್ಲಾಡಿಸುತ್ತಿದ್ದವು.

ಹೋದವರು ತಿರುಗಿ ಬಂದರು. ಕರಿಯಪ್ಪ ಹನ್ನೊಂದನೇ ಗೂಡು ತೆಗೆದು ಫಕ್ರುದ್ದೀನನ ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದ. ಕೈ ಆಡುವುದು ಕಾಣುತ್ತಿತ್ತು. ಎರಡು ಮಾರು ದೂರ ನಿಂತವನೂ ಸದ್ದು ಕೇಳಿ ಹೌದೆಂದು ತಲೆಯಾಡಿಸುವುದು ಕಾಣುತ್ತಿತ್ತು.

"ಈಗ ಕೇಳ್ತಾ, ಸಾಬ್ರೆ?" ಕರಿಯಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಕನಿಕರವಿತ್ತು, ಅದನ್ನೇ ಫಕ್ರುದ್ದೀನನಿಗೆ ತಡೆಯಲಾಗಲಿಲ್ಲ.

"ಕೇಳ್ತು," ಅಂದ ಫಕ್ರುದ್ದೀನ. "ತಪ್ಪು ನಂದು ಕಣಯ್ಯಾ. ಲಾಟ್ ಚೆನ್ನಾಗೈತೆ. ಎಲ್ಲಾ ನಾನೇ ತಗಂತೀನಿ."

ತಪ್ಪು ಒಪ್ಪಿಕೊಂಡದ್ದು ನಿಜ, ಕೇಳಿತು ಅಂದದ್ದು ಸುಳ್ಳು. ಕೇಳದ್ದನ್ನು ಕೇಳಿತು ಅಂದದ್ದು ಅವನ ಜನ್ಮದಲ್ಲಿ ಅದೇ ಮೊದಲು. ಗೂಡಿನ ಚೀಲಗಳನ್ನು ತಾನೇ ಆಟೋಗೆ ಏರಿಸಿಕೊಂಡು ಮನೆಗೆ ಹೊರಟ.

ಸಂಜೆ ಆರೂಕಾಲಿಗೆ ಮಾಳಿಗೆ ಹತ್ತಿ ರೇಡಿಯೊ ಹಾಕಿದ. ನಂಬರು ಸರಿಯಾಗಿತ್ತು. ಸೌಂಡು ಪೂರ್ತಿ ತಿರುಗಿಸಿದ. ಮೊರೆತ ಬಿಟ್ಟರೆ ಏನಿಲ್ಲ. ಇವತ್ತು ಅವನು ತಂತಿಯನ್ನೂ ಬೈಯಲಿಲ್ಲ, ಸಲಾಕೆಯನ್ನೂ ಬೈಯಲಿಲ್ಲ. ರೇಡಿಯೊ ಆರಿಸದೆ ಹಾಗೇ ಕೆಳಗಿಳಿದು, ರಸ್ತೆ ದಾಟಿ, ಮರಿಸ್ವಾಮಿಯ ಹೋಟೆಲಿಗೆ ಹೋದ. ಅಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಲೈಟಿನ ಸರ ಕ್ಯಾಶ್ ಡಬ್ಬದ ಪಕ್ಕ ಸುತ್ತಿಟ್ಟ ಹಾಗೇ ಬಿದ್ದಿತ್ತು. ಅದನ್ನು ಎತ್ತಿ ಬಾಗಿಲ ಮೊಳೆಗಳಿಗೆ ತಾನೇ ಸಿಕ್ಕಿಸಿ, ಸ್ವಿಚ್ಚು ಒತ್ತಿದ. ಬೀದಿಗೆ ಕೆಂಪು ಹಸಿರು ಬೆಳಕು ಬಿತ್ತು.

ಮರಿಸ್ವಾಮಿ ಇಡ್ಲಿ ಪಾತ್ರೆಯ ಮುಚ್ಚಳ ಕೈಯಲ್ಲಿ ಹಿಡಿದು ನೋಡುತ್ತಾ ನಿಂತ. "ಯಾಕ್ಲಾ ಫಕ್ರು, ನಿನ್ನ ಸ್ಟೇಷನ್ನು?"

"ದೋಷ ನಿನ್ನ ಲೈಟಲ್ಲಿ ಇರ್ನಿಲ್ಲ." ಫಕ್ರುದ್ದೀನ ತನ್ನ ಕಿವಿ ಮುಟ್ಟಿ ತೋರಿಸಿದ. "ಇಲ್ಲಿತ್ತು. ಮಾತು ಕೇಳ್ತದೆ, ತೆಳ್ಳನೆ ಸದ್ದು ಕೇಳಾಕಿಲ್ಲ."

ಮರಿಸ್ವಾಮಿ ಅರ್ಥವಾಗದೆ ಎದುರಿನ ಮಾಳಿಗೆ ಕಿಟಕಿಯತ್ತ ತಲೆ ಎತ್ತಿದ.

"ಮತ್ತೆ ಆ ಕೊಳಲು?"

"ಯಾವ ಕೊಳಲು?"

"ದಿನಾ ಇದೇ ಟೈಮಿಗೆ ನಿನ್ನ ಕಿಟಕಿಯಿಂದ ಬತ್ತದಲ್ಲೋ. ಬೀದಿಗೆಲ್ಲಾ ಕೇಳ್ತದೆ. ಈಗ್ಲೂ ಊದ್ತಾ ಅವ್ನೆ." ಮರಿಸ್ವಾಮಿ ಮುಚ್ಚಳ ಕೆಳಗಿಟ್ಟ. "ನಾನು ಲೈಟ್ ತಗ್ದಿದ್ದಕ್ಕೆ ನಿಂಗೆ ಚೆನ್ನಾಗ್ ಸಿಕ್ತಾ ಐತೆ ಅಂದ್ಕಂಡಿದ್ದೆ. ವ್ಯಾಪಾರ ಹೋದ್ರೆ ಹೋಗ್ಲಿ, ಇವ್ನಾದ್ರೂ ಕೇಳ್ಲಿ ಅಂತ ಸುಮ್ಕಿದ್ದೆ ಕಣ್ಲಾ."

ಫಕ್ರುದ್ದೀನ ತನ್ನದೇ ಕಿಟಕಿಯನ್ನು ನೋಡಿದ. ಮೇಲೆ ರಸ್ತೆಗೆ ಅಡ್ಡಲಾಗಿ ಅವನ ತಾಮ್ರದ ತಂತಿ, ಮಾತು ಬಿಟ್ಟ ಮೂರು ವಾರದಲ್ಲೂ ಮರಿಸ್ವಾಮಿ ಬಿಚ್ಚದೆ ಉಳಿಸಿದ ತಂತಿ, ಹಾಗೇ ಇತ್ತು. ಅವನು ಬೆಂಚಿನ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮರಿಸ್ವಾಮಿ ಪಕ್ಕದಲ್ಲಿ ಬಂದು ಕೂತ.

ಫಕ್ರುದ್ದೀನ ಮುಖ ಒರೆಸಿಕೊಂಡು ಕೇಳಿದ, "ಎಷ್ಟು ಸಲ ಊದಿದ?"

"ಎಣಿಸ್ನಿಲ್ಲ ಕಣ್ಲಾ."

"ನಾಳೆ ಎಣಿಸು," ಅಂದ ಫಕ್ರುದ್ದೀನ. "ಕಾರ್ಡಿಗೆ ಬರಿಯೋಕಲ್ಲ. ನಂಗೆ ಹೇಳು, ಸಾಕು."